ಮೊದಲ ತಿಂಗಳು ಬೀಳುವುದೇ ಪಾಠ

ನಾಲ್ಕು ವರ್ಷಗಳ ಹಿಂದಿನ ಮಾತು. ಜುಮಾ ನಮಾಝ್ ಮುಗಿದು ಜನರು ಚದುರುತ್ತಿದ್ದರು. ನಮ್ಮ ಜಮಾಅತಿನ ಒಬ್ಬರು ಮಗನ ಕೈ ಹಿಡಿದುಕೊಂಡು ಮಿಹ್ರಾಬಿನ ಬಳಿ ಬಂದು ನಿಂತರು. "ಉಸ್ತಾದ್, ಒಂದು ವಿಷಯ ಕೇಳ್ಲಿಕ್ಕಿತ್ತು. ಇವನನ್ನು ಜೂಡೋ ಕ್ಲಾಸಿಗೆ ಸೇರಿಸಬಹುದಾ?" ಎಂದರು. ಹುಡುಗನಿಗೆ 13 ವರ್ಷ. ಶಾಲಾ ಬಸ್ಸಿನಲ್ಲಿ ದೊಡ್ಡ ಹುಡುಗರು ಅವನ ಬ್ಯಾಗ್ ಕಿತ್ತುಕೊಳ್ಳುವುದು, ತಲೆಗೆ ತಟ್ಟುವುದು ಮಾಡುತ್ತಿದ್ದರಂತೆ. ಅವನು ನೆಲ ನೋಡುತ್ತಾ ನಿಂತಿದ್ದ. ನಾನು ಹೆಚ್ಚು ಯೋಚಿಸಲಿಲ್ಲ. "ಅಲ್ಲಿ ತಲೆಬಾಗಿ ವಂದಿಸಬೇಕಾಗುತ್ತದಲ್ಲ, ಬೇಡ ಬಿಡಿ" ಎಂದುಬಿಟ್ಟೆ. ಅವರು "ಸರಿ ಉಸ್ತಾದ್" ಎಂದು ಹೊರಟರು. ಆ ಹುಡುಗ ಮುಂದಿನ ಎರಡು ವರ್ಷ ಬಸ್ ಬಿಟ್ಟು ನಡೆದುಕೊಂಡೇ ಶಾಲೆಗೆ ಹೋದನೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಜೂಡೋ ತರಗತಿ ಹೇಗಿರುತ್ತದೆಂದು ಆ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಉತ್ತರ ಕೊಟ್ಟಿದ್ದೆ. ಕಳೆದ ವರ್ಷ ನನ್ನ ಸ್ವಂತ ಮಗ ಅದೇ ಬೇಡಿಕೆ ಇಟ್ಟಾಗ ಮಾತ್ರ, ನೋಡಿಯೇ ಹೇಳೋಣ ಎಂದು ಅವನ ಜೊತೆ ಹೋದೆ. ಮೂರು ತಿಂಗಳು ಗೋಡೆ ಬದಿಯ ಬೆಂಚಿನಲ್ಲಿ ಕುಳಿತು ನೋಡಿದೆ. ನನಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ದೇಹ ದಣಿಸಿ ಎಂದು ಡಾಕ್ಟರ್ ಹೇಳಿಯೂ ಇದ್ದರು. ಒಂದು ದಿನ ಕೋಚ್, "ಉಸ್ತಾದ್ರೇ, ಕೂತು ಕೂತು ಬೆಂಚು ಸವೆಯಿತು, ನೀವೂ ಬನ್ನಿ" ಎಂದು ನಕ್ಕರು. ಫಜ್ರ್ ನಂತರದ ದೊಡ್ಡವರ ಬ್ಯಾಚಿಗೆ ಸೇರಿದೆ. ಆಗ ನನಗೆ 44. ಅಂದಿನಿಂದ ಈ ಬಗ್ಗೆ ಕೇಳುವ ತಂದೆತಾಯಂದಿರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಮಸೀದಿಯ ಮೆಟ್ಟಿಲಲ್ಲಿ ನಿಂತು ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಸಿಗುವುದು ಕರಾಟೆ. ಕೆಲವು ಕಡೆ ಟೇಕ್ವಾಂಡೋ, ಬಾಕ್ಸಿಂಗ್ ಇವೆ. ಮೈಸೂರು ಕಡೆ ಹಳೆಯ ಗರಡಿ ಮನೆಗಳಿವೆ. ಕರಾಟೆ, ಟೇಕ್ವಾಂಡೋ, ಬಾಕ್ಸಿಂಗ್ ಹೊಡೆಯುವ ಮತ್ತು ಒದೆಯುವ ವಿದ್ಯೆಗಳು. ಕುಸ್ತಿ ಮತ್ತು ಜೂಡೋ ಹಿಡಿದು ಬೀಳಿಸುವ ವಿದ್ಯೆಗಳು. ನಾನು ಕಂಡದ್ದು ಜೂಡೋ, ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತೇನೆ. ಮೊದಲ ದಿನಗಳ ಅನುಭವ ಉಳಿದವುಗಳಲ್ಲಿಯೂ ಬಹಳ ಬೇರೆ ಇರುವುದಿಲ್ಲ.

ಜೂಡೋ ಜಪಾನಿನದು. 1882ರಲ್ಲಿ ಟೋಕಿಯೋದಲ್ಲಿ ಜಿಗೊರೊ ಕಾನೊ ಎಂಬ ಯುವಕ ಇದನ್ನು ಆರಂಭಿಸಿದರು. ಅವರು ಸೈನಿಕರಲ್ಲ, ಶಿಕ್ಷಕರು. ಚಿಕ್ಕಂದಿನಲ್ಲಿ ಸಣ್ಣ ಮೈಕಟ್ಟಿನವರಾಗಿದ್ದು, ದೊಡ್ಡ ಹುಡುಗರಿಂದ ಪೆಟ್ಟು ತಿಂದವರು. ಹಳೆಯ ಜುಜುತ್ಸು ವಿದ್ಯೆಯನ್ನು ಕಲಿತು, ಅದರಲ್ಲಿದ್ದ ಅಪಾಯಕಾರಿ ಪಟ್ಟುಗಳನ್ನು ದಿನನಿತ್ಯದ ಅಭ್ಯಾಸದಿಂದ ಬೇರೆ ಇಟ್ಟು, ಮಕ್ಕಳೂ ಕಲಿಯಬಹುದಾದ ಒಂದು ಶಿಕ್ಷಣವನ್ನು ರೂಪಿಸಿದರು. ಜೂಡೋ ಎಂಬ ಪದಕ್ಕೆ ಮೃದುವಾದ ದಾರಿ ಎಂದು ಅರ್ಥ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರಿತು. ಮಹಿಳೆಯರಿಗೆ ಪದಕ ಸ್ಪರ್ಧೆ ಬಂದದ್ದು 1992ರಲ್ಲಿ. ಸ್ಪರ್ಧೆಯಲ್ಲಿ ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಅಂಗಿ ಹಿಡಿದು, ಅವನ ತೂಕ ಒಂದು ಕಾಲಿನ ಮೇಲೆ ವಾಲಿದ ಕ್ಷಣ ನೋಡಿ ಬೀಳಿಸಬೇಕು. ಬಿದ್ದ ಮೇಲೆ ನೆಲದಲ್ಲಿ ಅದುಮಿ ಹಿಡಿಯಬೇಕು.

ಇನ್ನು ಮೊದಲ ದಿನ. ಮಗ ಜಗಳವಾಡಲು ಕಲಿಯುತ್ತಾನೆ ಎಂದು ಹೆದರುವ ತಾಯಂದಿರೂ, ನಾಳೆಯಿಂದ ಯಾರೂ ಅವನ ತಂಟೆಗೆ ಬರುವುದಿಲ್ಲ ಎಂದು ಹಿಗ್ಗುವ ತಂದೆಯರೂ ಆ ದಿನ ನಿರಾಶರಾಗುತ್ತಾರೆ. ಅಲ್ಲಿ ಜಗಳವೂ ಇಲ್ಲ, ಶೌರ್ಯವೂ ಇಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಕಾಲು ತೊಳೆದಿರಬೇಕು. ಕೋಚ್ ಎಲ್ಲರ ಕೈಕಾಲಿನ ಉಗುರು ನೋಡುತ್ತಾರೆ. ಉಂಗುರ, ಬಳೆ, ಕಿವಿಯೋಲೆ, ಕತ್ತಿನ ತಾಯಿತ, ವಾಚು ಎಲ್ಲವನ್ನೂ ತೆಗೆದಿಡಿಸುತ್ತಾರೆ. ನನ್ನ ಮಗನ ಉಗುರು ನೋಡಿ ಒಮ್ಮೆ ವಾಪಸ್ ಕಳಿಸಿದ್ದರು. ಮದ್ರಸಾದಲ್ಲಿ ಶುಚಿತ್ವದ ಪಾಠ ಮಾಡುವ ನನಗೆ ಆ ದಿನ ಸ್ವಲ್ಪ ಮುಖಭಂಗವೇ ಆಯಿತು. ನಂತರ ಓಟ, ಬಗ್ಗುವುದು, ಕಪ್ಪೆಯಂತೆ ಜಿಗಿಯುವುದು, ಮೊಣಕೈ ಊರಿ ತೆವಳುವುದು. ಹೊಸಬರಿಗೆ ಇಷ್ಟರಲ್ಲೇ ಉಸಿರು ಮೇಲೆ ಬರುತ್ತದೆ. ಅದಾದ ಮೇಲೆ ಅವರನ್ನು ಒಂದು ಮೂಲೆಗೆ ಕರೆದು ಬೀಳುವುದನ್ನು ಕಲಿಸಲು ತೊಡಗುತ್ತಾರೆ.

ಮೊದಲು ಕುಕ್ಕರಗಾಲಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದು. ಗಲ್ಲವನ್ನು ಎದೆಗೆ ಒತ್ತಿ ಇಡಬೇಕು, ಇಲ್ಲವಾದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಬೆನ್ನು ತಾಗುವ ಹೊತ್ತಿಗೆ ಎರಡೂ ತೋಳುಗಳನ್ನು ಮೈಯಿಂದ ಸ್ವಲ್ಪ ಓರೆಗೆ ಚಾಚಿ ಅಂಗೈಯಿಂದ ಮ್ಯಾಟಿಗೆ ಜೋರಾಗಿ ಬಡಿಯಬೇಕು. ಬೀಳುವ ಭಾರ ಒಂದೇ ಕಡೆ ನಿಲ್ಲದೆ ತೋಳಿನ ಉದ್ದಕ್ಕೂ ಹರಡಿ ಹೋಗಲಿ ಎಂಬುದು ಇದರ ಉದ್ದೇಶ. ನಂತರ ಎಡಕ್ಕೆ, ಬಲಕ್ಕೆ, ಆಮೇಲೆ ಮುಂದಕ್ಕೆ ಉರುಳಿ ಬೀಳುವುದು. ಬೀಳುವಾಗ ಕೈ ಊರಿ ತಡೆಯಬಾರದು. ಮನುಷ್ಯನ ಸಹಜ ಬುದ್ಧಿ ಕೈ ಊರುವುದೇ. ಮಣಿಕಟ್ಟು ಮತ್ತು ಕತ್ತಿನ ಕೆಳಗಿನ ಕೊರಳೆಲುಬು ಮುರಿಯುವುದೂ ಹಾಗೆಯೇ. ಆ ಅಭ್ಯಾಸವನ್ನು ಬಿಡಿಸಲು ನೂರು ಸಲ, ಇನ್ನೂರು ಸಲ ಬೀಳಿಸುತ್ತಾರೆ. ಮೊದಲ ತಿಂಗಳು ಬಹುಪಾಲು ಇದೇ.

ಈ ಪಾಠ ಮ್ಯಾಟಿನ ಹೊರಗೂ ಉಪಯೋಗಕ್ಕೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮಸೀದಿಯ ಹೌಝಿನ ಮೆಟ್ಟಿಲಲ್ಲಿ ಪಾಚಿ ಕಟ್ಟಿತ್ತು. ವುಝೂ ಮಾಡಿ ಎದ್ದವನು ಜಾರಿ ಹಿಂದಕ್ಕೆ ಬಿದ್ದೆ. ಗಲ್ಲ ತಾನಾಗಿಯೇ ಎದೆಗೆ ಹೋಗಿತ್ತು, ಕೈ ತಾನಾಗಿಯೇ ಕಲ್ಲಿಗೆ ಬಡಿದಿತ್ತು. ಅಂಗೈ ಎರಡು ದಿನ ಊದಿಕೊಂಡಿತು, ತಲೆಗೆ ಏನೂ ಆಗಲಿಲ್ಲ, ಅಲ್ ಹಮ್ದುಲಿಲ್ಲಾಹ್. ಪಕ್ಕದಲ್ಲಿದ್ದ ಹಿರಿಯರು, "ಉಸ್ತಾದ್, ಬಿದ್ದದ್ದಾ, ಹಾರಿದ್ದಾ?" ಎಂದು ಕೇಳಿದ್ದರು.

ಮೊದಲ ವಾರ ಮೈಕೈ ನೋವು ಖಂಡಿತ. ಹೊಟ್ಟೆಯ ಸ್ನಾಯು, ತೊಡೆ, ಕತ್ತಿನ ಹಿಂಭಾಗ ಇವು ನೋಯುತ್ತವೆ. ಗಲ್ಲವನ್ನು ಎದೆಗೊತ್ತಿ ಅಭ್ಯಾಸವಿಲ್ಲದ ಕತ್ತು ಹೆಚ್ಚು ನೋಯುತ್ತದೆ. ಅಂಗಿ ಹಿಡಿದು ಹಿಡಿದು ಬೆರಳ ಗೆಣ್ಣುಗಳ ಚರ್ಮ ಸುಲಿಯುತ್ತದೆ, ಕಾಲಿನ ಹೆಬ್ಬೆರಳು ಮ್ಯಾಟಿಗೆ ಉಜ್ಜಿ ಕೆಂಪಾಗುತ್ತದೆ. ಇವೆಲ್ಲ ಎರಡು ಮೂರು ವಾರಗಳಲ್ಲಿ ಹೋಗುತ್ತವೆ. ಆದರೆ ಕೀಲಿನಲ್ಲಿ ಚುಚ್ಚಿದಂತೆ ನೋವು, ಊತ, ತಲೆಸುತ್ತು, ತಲೆಗೆ ಪೆಟ್ಟಾದ ಮೇಲೆ ವಾಂತಿ ಬಂದರೆ ಅದು ಮಾಮೂಲಿ ನೋವಲ್ಲ. ಆ ದಿನವೇ ಡಾಕ್ಟರ್ ಬಳಿ ಹೋಗಬೇಕು. ಮಗುವಿಗೆ ಅಪಸ್ಮಾರ, ಉಬ್ಬಸ, ಇತ್ತೀಚೆಗೆ ಆದ ಆಪರೇಷನ್ ಇದ್ದರೆ ಸೇರಿಸುವಾಗಲೇ ಕೋಚಿಗೆ ಹೇಳಬೇಕು. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ಮುಚ್ಚಿಡುವವರಿದ್ದಾರೆ, ಅದು ಮಗುವಿಗೆ ಮಾಡುವ ಅನ್ಯಾಯ. ನನ್ನಂಥ ನಡುವಯಸ್ಸಿನವರು ಬಿಪಿ, ಸಕ್ಕರೆ, ಮೊಣಕಾಲು ಮೂರನ್ನೂ ತೋರಿಸಿಯೇ ಹೋಗಬೇಕು.

ಕರಾವಳಿಯ ಸೆಕೆಯಲ್ಲಿ ಇನ್ನೊಂದು ತೊಂದರೆ ಹುಳುಕಡ್ಡಿ. ಬೆವರಿದ ಮೈ, ಎಲ್ಲರೂ ಹೊರಳುವ ಮ್ಯಾಟು, ಒಬ್ಬರಿಗೆ ಬಂದರೆ ಇಡೀ ಬ್ಯಾಚಿಗೆ ಬರುತ್ತದೆ. ಆ ದಿನದ ಬಟ್ಟೆಯನ್ನು ಆ ದಿನವೇ ಒಗೆಯಬೇಕು, ಮನೆಗೆ ಬಂದ ಕೂಡಲೇ ಸ್ನಾನವಾಗಬೇಕು. ಮ್ಯಾಟ್ ಬಿಟ್ಟು ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಬೇಕು, ಬರಿಗಾಲಲ್ಲಿ ಹೋಗಿ ಬಂದು ಮ್ಯಾಟ್ ತುಳಿಯಬಾರದು. ಮ್ಯಾಟನ್ನು ದಿನವೂ ಒರೆಸದ ಜಾಗಕ್ಕೆ ನಾನಾದರೆ ಮಗುವನ್ನು ಕಳಿಸುವುದಿಲ್ಲ.

ಯೂನಿಫಾರ್ಮ್ ಮೊದಲ ದಿನವೇ ಕೊಳ್ಳಬೇಡಿ. ಜೇಬು, ಜಿಪ್ ಇಲ್ಲದ ಉದ್ದ ಪ್ಯಾಂಟು ಮತ್ತು ಗಟ್ಟಿ ಟೀ ಶರ್ಟ್ ಒಂದು ತಿಂಗಳಿಗೆ ಸಾಕು. ಮಗು ನಿಲ್ಲುತ್ತದೆಂದು ಖಚಿತವಾದ ಮೇಲೆ ಕೊಂಡರಾಯಿತು. ದಪ್ಪ ಹತ್ತಿಯ ಬಟ್ಟೆ, ಮೊದಲ ಒಗೆತಕ್ಕೆ ಕುಗ್ಗುತ್ತದೆ. ಅಳತೆ ಸ್ವಲ್ಪ ದೊಡ್ಡದೇ ಇರಲಿ.

ಮಕ್ಕಳು ಬಿಟ್ಟು ಹೋಗುವುದು ನೋವಿನಿಂದಲ್ಲ, ಬೇಸರದಿಂದ. ಮೂರನೆಯ ವಾರದಿಂದ ಆರನೆಯ ವಾರದೊಳಗೆ ಅರ್ಧದಷ್ಟು ಹೊಸಬರು ಕಾಣೆಯಾಗುವುದನ್ನು ನಮ್ಮ ಬ್ಯಾಚಿನಲ್ಲಿಯೇ ನೋಡಿದೆ. ಮೊಬೈಲಿನಲ್ಲಿ ಖಬೀಬ್ ನೂರ್‌ಮಹಮೆದೋವ್ ಅವರ ಕುಸ್ತಿ ನೋಡಿ ಬಂದ ಹುಡುಗನಿಗೆ ಇಪ್ಪತ್ತು ದಿನ ಬರೀ ಬೀಳುವುದೆಂದರೆ ಸಹಿಸಲಾಗುವುದಿಲ್ಲ. ಖಬೀಬ್ ಅವರಿಗೆ ಚಿಕ್ಕಂದಿನಿಂದ ಕಲಿಸಿದವರು ಅವರ ತಂದೆ, ಅದು ವರ್ಷಗಟ್ಟಲೆಯ ಕೆಲಸ ಎಂಬುದನ್ನು ನಾವು ಮನೆಯಲ್ಲಿ ಹೇಳಿಕೊಡಬೇಕು. ಮೂರು ತಿಂಗಳಿಗೆ ಮೊದಲು ಇಷ್ಟವೋ ಇಲ್ಲವೋ ಎಂದು ತೀರ್ಮಾನಿಸುವಂತಿಲ್ಲ ಎಂದು ಮಗನ ಬಳಿ ಮೊದಲೇ ಮಾತು ತೆಗೆದುಕೊಂಡಿದ್ದೆ. ಐದನೆಯ ವಾರ ಅವನೂ ಬಿಡುತ್ತೇನೆಂದ. ಮಾತು ನೆನಪಿಸಿದೆ. ಈಗ ನಾನು ಬಿಡು ಎಂದರೂ ಬಿಡುವುದಿಲ್ಲ.

ಕೈ ತಟ್ಟುವುದು

ಬೀಳುವುದರ ನಂತರ ಕಲಿಸುವುದು ಸೋಲೊಪ್ಪುವುದನ್ನು. ನೆಲದಲ್ಲಿ ಒಬ್ಬ ಇನ್ನೊಬ್ಬನನ್ನು ಅದುಮಿ ಹಿಡಿದಾಗ, ಕೆಳಗಿದ್ದವನಿಗೆ ನೋವಾದರೆ ಅಥವಾ ಉಸಿರು ಕಟ್ಟಿದಂತಾದರೆ ಅವನು ಎದುರಾಳಿಯ ಮೈಗೋ ಮ್ಯಾಟಿಗೋ ಎರಡು ಸಲ ಕೈ ತಟ್ಟುತ್ತಾನೆ. ತಟ್ಟಿದ ಕ್ಷಣ ಮೇಲಿದ್ದವನು ಬಿಟ್ಟುಬಿಡಬೇಕು. ಅರ್ಧ ಸೆಕೆಂಡ್ ತಡ ಮಾಡಿದರೂ ಕೋಚ್ ಅವನನ್ನು ಹೊರಗೆ ಕೂರಿಸುತ್ತಾರೆ. ಇಡೀ ತರಗತಿ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಕುತ್ತಿಗೆ ಒತ್ತುವ, ಮೊಣಕೈ ತಿರುಚುವ ಪಟ್ಟುಗಳನ್ನು ಚಿಕ್ಕ ಮಕ್ಕಳಿಗೆ ಕಲಿಸುವುದೇ ಇಲ್ಲ. ಕಲಿಸುವ ಜಾಗವಿದ್ದರೆ ಅಲ್ಲಿಂದ ಮಗುವನ್ನು ಕರೆದುಕೊಂಡು ಬನ್ನಿ.

ನಾನು ಬೆಂಚಿನಲ್ಲಿ ಕುಳಿತಿದ್ದ ದಿನಗಳಲ್ಲಿ ಒಬ್ಬರು ತಂದೆ ಪಕ್ಕದಲ್ಲಿ ಕೂರುತ್ತಿದ್ದರು. ಅವರ ಮಗ ತಟ್ಟಿದಾಗಲೆಲ್ಲ ಇವರ ಮುಖ ಕೆಂಪಾಗುತ್ತಿತ್ತು. ಒಂದು ಸಂಜೆ ಎಲ್ಲರ ಎದುರು, "ಇಷ್ಟು ಬೇಗ ತಟ್ಟುತ್ತೀಯಲ್ಲ, ನಾಚಿಕೆಯಾಗುವುದಿಲ್ಲವಾ?" ಎಂದು ಗದರಿಸಿದರು. ಮುಂದಿನ ವಾರ ಆ ಹುಡುಗ ಅದುಮಿ ಹಿಡಿದಾಗ ತಟ್ಟಲೇ ಇಲ್ಲ. ಹಲ್ಲು ಕಚ್ಚಿ ಒದ್ದಾಡಿದ, ಭುಜ ಉಳುಕಿತು. ಆರು ವಾರ ಕೈಗೆ ಪಟ್ಟಿ. ನಂತರ ಅವನು ಬರಲಿಲ್ಲ. ಹುಡುಗ ಮಾಡಿದ್ದರಲ್ಲಿ ತಪ್ಪೇನಿತ್ತು? ತಂದೆಯ ಮಾತನ್ನು ಪಾಲಿಸಿದ್ದ, ಅಷ್ಟೇ.

ಕುಸ್ತಿಯಲ್ಲಿ ಜನರನ್ನು ಕೆಡವುವವನು ಬಲಶಾಲಿಯಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನು ಬಲಶಾಲಿ ಎಂದು ಪ್ರವಾದಿ(ಸ) ಹೇಳಿದುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಖುತ್ಬಾಗಳಲ್ಲಿ ನಾವು ಇದನ್ನು ಎಷ್ಟು ಸಲ ಕೇಳಿಲ್ಲ! ಕುಸ್ತಿಯೇ ಬೇಡ ಎಂಬುದಕ್ಕೆ ಕೆಲವರು ಇದನ್ನು ಆಧಾರವಾಗಿ ಹೇಳುವುದುಂಟು. ಆದರೆ ಅದೇ ಪ್ರವಾದಿ(ಸ)ರ ಎದುರು, ಉಹುದ್ ಯುದ್ಧಕ್ಕೆ ಮೊದಲು, ಎಳೆಯ ಪ್ರಾಯದ ಸಮುರಾ(ರ) ಮತ್ತು ರಾಫಿಅ್(ರ) ಕುಸ್ತಿ ಹಿಡಿದ ಪ್ರಸಂಗವನ್ನು ಚರಿತ್ರೆಯಲ್ಲಿ ಓದುತ್ತೇವೆ. ರುಕಾನ ಎಂಬ ಜಟ್ಟಿಯ ಜೊತೆ ಸ್ವತಃ ಪ್ರವಾದಿ(ಸ)ರೇ ಕುಸ್ತಿಯಾಡಿದ ವರದಿಯೂ ಇದೆ. ಅದರ ಸನದು ಬಲವಾಗಿಲ್ಲ ಎಂದು ತಿರ್ಮಿದಿಯವರೇ ಹೇಳಿರುವುದರಿಂದ ನಾನು ಅದನ್ನು ಮಿಂಬರಿನಲ್ಲಿ ಹೇಳುವುದಿಲ್ಲ. ಅಬಿಸೀನಿಯದವರು ಈದ್ ದಿನ ಮಸೀದಿಯಲ್ಲಿ ಈಟಿ ಹಿಡಿದು ಆಡಿದ್ದನ್ನು ಆಯಿಶಾ(ರ) ನೋಡಿದ ಹದೀಸ್ ಮಾತ್ರ ಸ್ಪಷ್ಟವಾಗಿದೆ. ಆದ್ದರಿಂದ ಈ ಹದೀಸ್ ಕುಸ್ತಿಯನ್ನು ಅಲ್ಲಗಳೆಯಲು ಬಂದದ್ದಲ್ಲ ಎಂದೇ ನನ್ನ ತಿಳುವಳಿಕೆ. ಮ್ಯಾಟಿನ ಮೇಲೆ ಅದರ ಅರ್ಥ ನನಗೆ ಕೈಗೇ ಸಿಕ್ಕಿತು. ಬಿಗಿಯಾಗಿ ಹಿಡಿದಿರುವಾಗ, ಗೆಲ್ಲುವ ಅಂಚಿನಲ್ಲಿರುವಾಗ, ಬೆನ್ನಿನ ಮೇಲೆ ಎರಡು ತಟ್ಟು ಬಿದ್ದ ಕೂಡಲೇ ಕೈ ಸಡಿಲಿಸುವುದು ಹೇಳಿದಷ್ಟು ಸುಲಭವಲ್ಲ.

ಸೋಲುವುದರ ಬಗ್ಗೆ ನನ್ನದೇ ಕಥೆ. ಎರಡನೆಯ ತಿಂಗಳಲ್ಲಿ ಬಿಡು ಅಭ್ಯಾಸ ಶುರುವಾಗುತ್ತದೆ. ಜೊತೆಗಾರನ ಅಂಗಿ ಹಿಡಿದು ಇಬ್ಬರೂ ನಿಜವಾಗಿ ಪ್ರಯತ್ನಿಸುವುದು, ಆದರೆ ಪಂದ್ಯವಲ್ಲ, ಅಂಕವಿಲ್ಲ. ನನ್ನ ಪಾಲಿಗೆ ಬಂದವನು 16ರ ಹುಡುಗ, ಒಂದು ಕಾಲದಲ್ಲಿ ನಾನೇ ಅವನಿಗೆ ಅಲಿಫ್ ಬಾ ಕಲಿಸಿದ್ದೆ. "ಉಸ್ತಾದ್, ಹಿಡಿಯಲಾ?" ಎಂದು ಸಂಕೋಚದಿಂದ ಕೇಳಿದ. ಹಿಡಿ ಎಂದೆ. ಮರುಕ್ಷಣ ನಾನು ಸೀಲಿಂಗ್ ಫ್ಯಾನ್ ನೋಡುತ್ತಿದ್ದೆ. ಆ ಬೆಳಿಗ್ಗೆ ಏಳು ಸಲ ನೋಡಿದೆ. ಪ್ರತಿ ಸಲವೂ ಅವನು ನನ್ನ ತೋಳನ್ನು ಮೇಲಕ್ಕೆ ಎಳೆದು ಹಿಡಿದು ತಲೆ ತಾಗದಂತೆ ಇಳಿಸುತ್ತಿದ್ದ. ಬೀಳಿಸುವವನೇ ಬೀಳುವವನನ್ನು ಕಾಯಬೇಕೆಂಬುದು ಅಲ್ಲಿನ ಕ್ರಮ. ಹೊಸಬರಿಗೆ ಅದು ಗೊತ್ತಿರುವುದಿಲ್ಲ, ಅದಕ್ಕೇ ಹೊಸಬನನ್ನು ಹೊಸಬನ ಜೊತೆ ಬಿಡದೆ ಹಳಬರ ಜೊತೆ ಜೋಡಿ ಮಾಡುತ್ತಾರೆ. ನಿಮ್ಮ ಮಗುವನ್ನು ಮೊದಲ ವಾರವೇ ಇನ್ನೊಂದು ಹೊಸ ಮಗುವಿನ ಜೊತೆ ಸೆಣಸಲು ಬಿಟ್ಟರೆ ಆ ಕೋಚಿಗೆ ಕೆಲಸ ಗೊತ್ತಿಲ್ಲವೆಂದು ತಿಳಿಯಿರಿ.

ತಲೆಬಾಗುವ ಪ್ರಶ್ನೆ

ನಾನು ನಾಲ್ಕು ವರ್ಷಗಳ ಹಿಂದೆ ಒಂದೇ ಮಾತಿನಲ್ಲಿ ಮುಗಿಸಿದ ಪ್ರಶ್ನೆ ಇದು. ಪ್ರಶ್ನೆ ಸುಳ್ಳಲ್ಲ. ಜೂಡೋ ತರಗತಿಯಲ್ಲಿ ಮ್ಯಾಟಿಗೆ ಕಾಲಿಡುವಾಗ, ಜೊತೆಗಾರನನ್ನು ಹಿಡಿಯುವ ಮೊದಲು ಮತ್ತು ಬಿಟ್ಟ ಮೇಲೆ ನಿಂತು ಸೊಂಟ ಬಗ್ಗಿಸುವ ಪದ್ಧತಿಯಿದೆ. ತರಗತಿಯ ಆರಂಭ ಮತ್ತು ಕೊನೆಯಲ್ಲಿ ಮಂಡಿಯೂರಿ ಕುಳಿತು, ಅಂಗೈ ನೆಲಕ್ಕಿಟ್ಟು ಬಾಗುತ್ತಾರೆ. ಕೆಲವು ಕಡೆ ಗೋಡೆಯಲ್ಲಿ ಕಾನೊ ಅವರ ಫೋಟೊ ಇರುತ್ತದೆ, ಬಾಗುವುದು ಅದರ ಕಡೆಗೆ. ಜಪಾನಿನವರಿಗೆ ಇದು ನಮಸ್ಕಾರ, ಧನ್ಯವಾದ, ಕ್ಷಮೆ ಎಲ್ಲಕ್ಕೂ ಬಳಸುವ ದಿನಬಳಕೆಯ ಶಿಷ್ಟಾಚಾರ. ಆರಾಧನೆ ಎಂಬ ಉದ್ದೇಶ ಅವರಿಗೆ ಇಲ್ಲ. ಆದರೂ ರುಕೂ ಮತ್ತು ಸುಜೂದ್ ಅಲ್ಲಾಹನಿಗೆ ಮಾತ್ರ. ಗೆಳೆಯನನ್ನು ಭೇಟಿಯಾದಾಗ ಬಾಗಬಹುದೇ ಎಂದು ಕೇಳಿದವರಿಗೆ ಪ್ರವಾದಿ(ಸ) ಬೇಡವೆಂದು ಹೇಳಿ, ಹಸ್ತಲಾಘವಕ್ಕೆ ಒಪ್ಪಿದರೆಂದು ಅನಸ್(ರ) ಅವರ ವರದಿ ತಿರ್ಮಿದಿಯಲ್ಲಿದೆ. ಆದ್ದರಿಂದ ನಮ್ಮ ಉಲಮಾಗಳಲ್ಲಿ ಬಹುತೇಕರು ಇದನ್ನು ಒಪ್ಪುವುದಿಲ್ಲ. ಉದ್ದೇಶ ನೋಡಿ ಸಡಿಲು ಕೊಡುವವರೂ ಇದ್ದಾರೆ. ನಾನು ಮೊದಲ ಅಭಿಪ್ರಾಯದವನು. ನಿಮ್ಮ ಊರಿನ ಉಲಮಾಗಳಲ್ಲಿಯೂ ಕೇಳಿಕೊಳ್ಳಿ.

ನನ್ನ ತಪ್ಪು ಆ ಅಭಿಪ್ರಾಯದಲ್ಲಿ ಇರಲಿಲ್ಲ. ಬಾಗಲಾಗದವನಿಗೆ ಅಲ್ಲಿ ಬೇರೆ ದಾರಿ ಇದೆಯೇ ಎಂದು ಯಾರನ್ನೂ ಕೇಳದೆ ಬಾಗಿಲು ಮುಚ್ಚಿದ್ದು ತಪ್ಪು. ಮಗನನ್ನು ಸೇರಿಸುವ ದಿನ ಕೋಚ್ ಬಳಿ ನೇರವಾಗಿಯೇ ಮಾತಾಡಿದೆ. ಅವರು ನಮ್ಮ ಧರ್ಮದವರಲ್ಲ. "ನಮಗೆ ಬಾಗುವುದು ನಮಾಝಿನಲ್ಲಿ ಮಾತ್ರ, ಆದರೆ ಗೌರವ ತೋರಿಸುವುದಿಲ್ಲ ಎಂದಲ್ಲ. ಹೇಗೆ ಮಾಡೋಣ?" ಎಂದೆ. ಅವರು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ಎದೆಯ ಮೇಲೆ ಕೈ ಇಟ್ಟು ನೇರವಾಗಿ ನಿಲ್ಲಲಿ. ಜೊತೆಗಾರನಿಗೆ ಕೈ ಕೊಡಲಿ. ನನಗೆ ಬೇಕಾದ್ದು ಜಗಳದ ಮನಸ್ಸಿನಿಂದ ಹಿಡಿಯಬಾರದು ಎಂಬುದು ಅಷ್ಟೇ" ಎಂದರು. ಈಗ ನಮ್ಮ ಬ್ಯಾಚಿನಲ್ಲಿ ಐದಾರು ಮಂದಿ ಹಾಗೆಯೇ ಮಾಡುತ್ತೇವೆ. ಯಾರೂ ತಿರುಗಿ ನೋಡುವುದಿಲ್ಲ.

ಎಲ್ಲ ಕೋಚ್‌ಗಳೂ ಹೀಗೆಯೇ ಇರುತ್ತಾರೆಂದು ಹೇಳಲಾರೆ. ಒಪ್ಪದಿದ್ದರೆ ವಾದ ಬೇಡ, ಸಲಾಮ್ ಹೇಳಿ ಬೇರೆ ಕಡೆ ನೋಡಿ. ಕುಸ್ತಿಯಲ್ಲಿ ಕೈ ಕುಲುಕುತ್ತಾರೆ, ಬಾಕ್ಸಿಂಗ್‌ನಲ್ಲಿ ಗ್ಲೌಸ್ ತಾಗಿಸುತ್ತಾರೆ. ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಅಧಿಕೃತ ಜೂಡೋ ಪಂದ್ಯಗಳ ನಿಯಮದಲ್ಲಿ ಬಾಗುವುದು ಸೇರಿದೆ. ಮಗು ಮುಂದೆ ಜಿಲ್ಲೆ, ರಾಜ್ಯ ಮಟ್ಟಕ್ಕೆ ಹೋಗುವ ಆಸೆ ಇಟ್ಟುಕೊಂಡರೆ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ. ಆಗ ಗಾಬರಿಯಾಗುವ ಬದಲು ಮೊದಲೇ ಯೋಚಿಸಿ ಯಾವ ಕ್ರೀಡೆ ಎಂದು ಆರಿಸುವುದು ಒಳ್ಳೆಯದು.

ಹೆಣ್ಣುಮಕ್ಕಳು

ಮಗ ಸೇರಿದ ತಿಂಗಳಲ್ಲೇ ಮನೆಯಲ್ಲಿ ಮಗಳು ಕೇಳಿದಳು, "ಅಣ್ಣನಿಗೆ ಮಾತ್ರ ಯಾಕೆ?" ನನ್ನ ಹೆಂಡತಿ ನನ್ನ ಮುಖ ನೋಡಿದರು. ಮಗಳಿಗೆ 10 ವರ್ಷ. ಬಸ್ಸಿನಲ್ಲಿ ತೊಂದರೆಯಾಗುವುದು ಗಂಡುಮಕ್ಕಳಿಗೆ ಮಾತ್ರವಲ್ಲ ಎಂದು ಅವರು ಹೇಳದೆಯೇ ನನಗೆ ಅರ್ಥವಾಯಿತು.

ಇಲ್ಲಿ ನಾನು ಕೇಳಿದ್ದು ಮೂರು ವಿಷಯ. ಹುಡುಗಿಯರದ್ದೇ ಬ್ಯಾಚ್ ಇದೆಯೇ, ಕಲಿಸುವವರು ಮಹಿಳೆಯೇ, ತಾಯಂದಿರು ಒಳಗೆ ಕೂರಬಹುದೇ. ಹಿಡಿದು ಬೀಳಿಸುವ ವಿದ್ಯೆಯಲ್ಲಿ ಮೈಗೆ ಮೈ ತಾಗದೆ ಕಲಿಯಲಾಗುವುದಿಲ್ಲ. ಪ್ರಾಯಕ್ಕೆ ಬಂದ ಹುಡುಗ ಹುಡುಗಿಯರನ್ನು ಜೋಡಿ ಮಾಡುವ ಕಡೆ ನಮ್ಮ ಮಕ್ಕಳನ್ನು ಕಳಿಸಲಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹುಡುಗಿಯರಿಗೆ ಬೇರೆ ಬ್ಯಾಚ್ ಇತ್ತು, ಆರು ಮಂದಿ ಇದ್ದರು. ಈಗ ಹದಿನೇಳು ಮಂದಿ ಇದ್ದಾರೆ. ಅವರಲ್ಲಿ ಅರ್ಧದಷ್ಟು ನಮ್ಮ ಜಮಾಅತಿನ ಮನೆಗಳವರು. ಕೇಳುವವರು ಹೆಚ್ಚಾದರೆ ಬ್ಯಾಚ್ ತಾನಾಗಿಯೇ ಹುಟ್ಟುತ್ತದೆ.

ಜೂಡೋ ಅಂಗಿ ಮೈ ಮುಚ್ಚುವ, ಸಡಿಲವಾದ ಉಡುಪು. ಅದರ ಒಳಗೆ ಹುಡುಗಿಯರು ಟೀ ಶರ್ಟ್ ಹಾಕುತ್ತಾರೆ. ತಲೆಗೆ ಪಿನ್ ಇಲ್ಲದ, ಗಂಟಿಲ್ಲದ, ಬಿಗಿಯಾದ ಕ್ರೀಡಾ ಹಿಜಾಬ್ ಬೇಕು. ಪಿನ್ ಇದ್ದರೆ ಚುಚ್ಚುತ್ತದೆ, ಸಡಿಲು ಬಟ್ಟೆಯಾದರೆ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಅಭ್ಯಾಸದಲ್ಲಿ ಇದಕ್ಕೆ ಯಾರೂ ತಕರಾರು ಮಾಡಿಲ್ಲ. ಪಂದ್ಯದ ಮಾತು ಬೇರೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಸೌದಿ ಅರೇಬಿಯದ ವುಜ್ದಾನ್ ಶಹರ್‌ಖಾನಿ ಎಂಬ ಹುಡುಗಿ ಜೂಡೋಗೆ ಬಂದಾಗ ತಲೆವಸ್ತ್ರಕ್ಕೆ ಮೊದಲು ಅನುಮತಿ ಸಿಗಲಿಲ್ಲ. ಮಾತುಕತೆಯ ನಂತರ ಬಿಗಿಯಾದ ಟೋಪಿಯಂಥದ್ದಕ್ಕೆ ಒಪ್ಪಿದರು. ಅವರ ಪಂದ್ಯ ಒಂದೂವರೆ ನಿಮಿಷದೊಳಗೆ ಮುಗಿಯಿತು, ಸೋತರು. ಆದರೂ ಜನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೇಕ್ವಾಂಡೋದಲ್ಲಿ ತಲೆಗವಚದ ಒಳಗೆ ಹಿಜಾಬ್ ಧರಿಸಬಹುದು. ಈಜಿಪ್ಟಿನ ಹೆದಾಯಾ ಮಲಕ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಾಗೆಯೇ ಆಡಿ ಕಂಚು ಗೆದ್ದರು. ಒಂದು ಕ್ರೀಡೆಯ ನಿಯಮ ಇನ್ನೊಂದಕ್ಕೆ ಇರುವುದಿಲ್ಲ, ಪಂದ್ಯದ ಫಾರ್ಮ್ ತುಂಬುವ ಮೊದಲು ಕೇಳಿ.

ಯಾವ ವಿದ್ಯೆ ಎಂದು ಆರಿಸುವಾಗ ನಾನು ನೋಡುವುದು ತಲೆಗೆ ಏಟು ಬೀಳುತ್ತದೆಯೇ ಎಂಬುದನ್ನು. ಹೊಡೆದಾಟದಲ್ಲೂ ಮುಖಕ್ಕೆ ಹೊಡೆಯಬಾರದೆಂದು ಪ್ರವಾದಿ(ಸ)ರ ಸ್ಪಷ್ಟ ಆದೇಶವಿದೆ. ನಮ್ಮ ಮಕ್ಕಳಿಗೆ ಪ್ರಿಯರಾದ ಮುಹಮ್ಮದ್ ಅಲಿಯವರು ಬಾಕ್ಸಿಂಗ್‌ಗೆ ಬಂದದ್ದು 1954ರಲ್ಲಿ, 12ನೇ ವಯಸ್ಸಿನಲ್ಲಿ. ಅಮೆರಿಕದ ಲೂಯಿವಿಲ್‌ನಲ್ಲಿ ಅವರ ಸೈಕಲ್ ಕಳವಾಯಿತು. ಕದ್ದವನನ್ನು ಚಚ್ಚುತ್ತೇನೆಂದು ಅಳುತ್ತಾ ಪೊಲೀಸರ ಬಳಿ ಹೋದರು. ಆ ಪೊಲೀಸ್ ಅಧಿಕಾರಿ ಜೋ ಮಾರ್ಟಿನ್ ಬಾಕ್ಸಿಂಗ್ ತರಬೇತುದಾರರೂ ಆಗಿದ್ದರು, ಚಚ್ಚುವ ಮೊದಲು ಹೊಡೆಯಲು ಕಲಿ ಎಂದರು. ಸಿಟ್ಟಿನಿಂದ ಬಂದ ಹುಡುಗ ಶಿಸ್ತಿನೊಳಗೆ ಬಿದ್ದದ್ದು ಹಾಗೆ. ಇದನ್ನು ಮಕ್ಕಳಿಗೆ ಹೇಳುತ್ತೇನೆ. ಜೊತೆಗೆ, 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು, 2016ರಲ್ಲಿ ತೀರಿಕೊಳ್ಳುವ ತನಕ ಕೈ ನಡುಗುತ್ತಲೇ ಇತ್ತು, ತಲೆಗೆ ಬಿದ್ದ ಸಾವಿರಾರು ಏಟುಗಳೂ ಅದಕ್ಕೆ ಕಾರಣವೆಂದು ಹಲವರು ನಂಬುತ್ತಾರೆ ಎಂಬುದನ್ನೂ ಹೇಳುತ್ತೇನೆ. ಬಾಕ್ಸಿಂಗ್ ಕಲಿಯುವ ನಮ್ಮ ಹುಡುಗರನ್ನು ನೋಯಿಸಲು ಇದನ್ನು ಬರೆದಿಲ್ಲ. ಎಂಟು ಹತ್ತು ವರ್ಷದ ಮಗುವಿನ ತಲೆಗೆ ಏಟು ಬೀಳುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ, ಅಷ್ಟೇ.

ಕೋಚ್ ಬಗ್ಗೆ ಎರಡು ಮಾತು. ತರಗತಿ ನಡೆಯುವಾಗ ಬಾಗಿಲು ತೆರೆದಿರಬೇಕು, ತಂದೆತಾಯಿ ಯಾವಾಗ ಬಂದರೂ ಕುಳಿತು ನೋಡಬಹುದಾಗಿರಬೇಕು. ಬೆತ್ತ ಹಿಡಿದು ಶಿಸ್ತು ಕಲಿಸುವವನು, ಮಗುವನ್ನು ಒಬ್ಬನನ್ನೇ ಬೇರೆ ಕೋಣೆಗೆ ಕರೆಯುವವನು, ಮನೆಯಲ್ಲಿ ಹೇಳಬೇಡ ಎನ್ನುವವನು, ಇವರ ಬಳಿ ಒಂದು ದಿನವೂ ಬೇಡ. ತಿಂಗಳ ಫೀಸು ಕಡಿಮೆ ಎಂದು ಸೇರಿಸಿ, ಆಮೇಲೆ ಬೆಲ್ಟ್ ಪರೀಕ್ಷೆ, ಸರ್ಟಿಫಿಕೇಟ್, ಕ್ಯಾಂಪ್, ಟಿ-ಶರ್ಟ್ ಎಂದು ಹಣ ಕೀಳುವವರಿದ್ದಾರೆ. ವರ್ಷಕ್ಕೆ ಒಟ್ಟು ಎಷ್ಟು ಎಂದು ಕೇಳಿ. ಬಿಳಿ ಬೆಲ್ಟಿನಿಂದ ಹಳದಿಗೆ ಬರಲು ಕೆಲವು ತಿಂಗಳು, ಕಪ್ಪಿಗೆ ಬರಲು ಹಲವು ವರ್ಷಗಳು ಬೇಕು. ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಎಂದು ಬೋರ್ಡ್ ಹಾಕಿದವರು ಮಾರುವುದು ಬಟ್ಟೆಯ ಪಟ್ಟಿಯನ್ನು.

ಒಂದು ಆತಂಕವನ್ನು ಕೆಲವರು ಮೆಲುದನಿಯಲ್ಲಿ ಹೇಳಿದ್ದಾರೆ. "ಉಸ್ತಾದ್, ನಮ್ಮ ಹುಡುಗರು ಇಂಥದ್ದೆಲ್ಲ ಕಲಿತರೆ ಜನ ಬೇರೆ ಅರ್ಥ ಮಾಡುತ್ತಾರೆ." ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ನಾವು ಇರುವ ಕಾಲ ಅಂಥದ್ದು. ಅದಕ್ಕೇ ನಮ್ಮವರಷ್ಟೇ ಸೇರಿ ಹಿಂದಿನ ಹಿತ್ತಲಲ್ಲಿ ನಡೆಸುವ ತರಗತಿ ಬೇಡವೆನ್ನುತ್ತೇನೆ. ನಮ್ಮ ಬ್ಯಾಚ್ ನಡೆಯುವುದು ರಸ್ತೆ ಬದಿಯ ಹಾಲಿನಲ್ಲಿ, ಕಿಟಕಿಯಿಂದ ಯಾರು ಬೇಕಾದರೂ ನೋಡಬಹುದು. ಅಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ. ನನ್ನ ಮಗನನ್ನು ವಾರಕ್ಕೆ ಮೂರು ದಿನ ನೆಲಕ್ಕೆ ಕೆಡವಿ, ಕೈ ಹಿಡಿದು ಎಬ್ಬಿಸುವವನು ಮೀನು ಮಾರುಕಟ್ಟೆ ಬದಿಯ ಮನೆಯ ಹುಡುಗ. ದೀಪಾವಳಿಗೆ ನಮ್ಮ ಮನೆಗೆ ಡಬ್ಬಿ ತುಂಬ ತಿಂಡಿ ತಂದಿದ್ದ.

ನಮಾಝಿನ ಸಮಯಕ್ಕೆ ತೊಂದರೆಯಾಗುವುದು ಸಂಜೆಯ ಬ್ಯಾಚಿನಲ್ಲಿ. ಮಗ್ರಿಬಿನ ಹೊತ್ತು ಕಿರಿದು. ಕೋಚ್ ಬಳಿ ಕೇಳಿದಾಗ ಹತ್ತು ನಿಮಿಷ ಬಿಡುವು ಕೊಟ್ಟರು, ಹಾಲಿನ ಮೂಲೆಯಲ್ಲಿ ಮುಸಲ್ಲಾ ಹಾಸಿಕೊಳ್ಳುತ್ತಾರೆ. ರಮಝಾನಿನಲ್ಲಿ ಉಪವಾಸವಿರುವ ಮಕ್ಕಳು ಬೆವರು ಸುರಿಸುವ ಅಭ್ಯಾಸ ಮಾಡಬಾರದು. ನಮ್ಮವರು ಆ ತಿಂಗಳು ಬಂದು ಬೀಳುವ ಅಭ್ಯಾಸವನ್ನಷ್ಟೇ ನಿಧಾನವಾಗಿ ಮಾಡಿ ಹೋಗುತ್ತಾರೆ. ನಾನು ರಜೆ ಹಾಕುತ್ತೇನೆ.

ಆ ನಾಲ್ಕು ವರ್ಷಗಳ ಹಿಂದಿನ ಹುಡುಗನ ಮನೆಗೆ ಕಳೆದ ಶಾಬಾನಿನಲ್ಲಿ ಹೋಗಿದ್ದೆ. ಅವನೀಗ ಪಿಯುಸಿ, ನನಗಿಂತ ಎತ್ತರ. ಆ ದಿನ ನಾನು ತಿಳಿಯದೆ ಹೇಳಿದೆ, ಕ್ಷಮಿಸಬೇಕು ಎಂದು ತಂದೆಗೂ ಮಗನಿಗೂ ಹೇಳಿದೆ. ತಂದೆ "ಅಯ್ಯೋ ಉಸ್ತಾದ್, ಅದೆಲ್ಲ ಯಾಕೆ" ಎಂದು ಚಾ ತರಿಸಿದರು. ಹುಡುಗ ಏನೂ ಹೇಳಲಿಲ್ಲ. ಹೊರಡುವಾಗ ಗೇಟಿನ ತನಕ ಬಂದ. "ನನಗೆ ಈಗ ಬೇಡ ಉಸ್ತಾದ್, ತಮ್ಮನನ್ನು ಕಳಿಸ್ತೇನೆ" ಎಂದ. ತಮ್ಮನಿಗೆ 9. ಶನಿವಾರದಿಂದ ಬರುತ್ತಿದ್ದಾನೆ, ಸದ್ಯಕ್ಕೆ ಮೂಲೆಯಲ್ಲಿ ಹಿಂದಕ್ಕೆ ಉರುಳುತ್ತಿದ್ದಾನೆ.